ಅಟ್ಟದ ಮೇಲಿನ ಕಂಪ್ಯೂಟರ್ ಮತ್ತು ನಿಮ್ಮ ಲ್ಯಾಪ್‌ಟಾಪ್

(ವಾರ್ಷಿಕ ಸಮಾರಂಭದಲ್ಲಿ ಸದಸ್ಯರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಇಂಥ ವೇದಿಕೆಗಳಲ್ಲಿ ಕಂಪ್ಯೂಟರಿನ ಬಗ್ಗೆ ಮಾತನಾಡಲು ಬಂದವರು ಸಾಮಾನ್ಯವಾಗಿ ಮುಂದೆ ಬರಲಿರುವುದನ್ನು ಕುರಿತು ಹೇಳುತ್ತಾರೆ. ನಾನು ಇಂದು ಹಿಂದೆ ಉಳಿದುಹೋದದ್ದನ್ನು ಕುರಿತು ಹೇಳಬೇಕೆಂದಿದ್ದೇನೆ. ನಿಮ್ಮ ಮನೆಯ ಅಟ್ಟದ ಮೇಲೆ, ಶಾಲೆಯ ಕೋಣೆಯ ಮೂಲೆಯಲ್ಲಿ, ಧೂಳು ತುಂಬಿದ ಚೀಲದಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರನ್ನು ಇಂದಿನ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಜೋಡಿಸುವುದು ಹೇಗೆ, ಏಕೆ ಜೋಡಿಸಬೇಕು ಎಂಬುದೇ ನನ್ನ ವಿಷಯ. ಇದೇನು ಹವ್ಯಾಸದ ಮಾತು ಎಂದು ನಿಮಗೆ ಅನಿಸಬಹುದು. ಆದರೆ ಇಂಥದೊಂದು ಕೇಬಲ್ಲಿನಿಂದ ಒಬ್ಬ ಹೆಣ್ಣುಮಗಳ ಪ್ರಮಾಣಪತ್ರ ಸಿಕ್ಕಿದೆ. ಇಂಥ ತಿಳಿವಳಿಕೆ ಇಲ್ಲದೆ ನನ್ನ ಕೈಯಿಂದಲೇ ಅನೇಕರ ದಾಖಲೆ ಗುಜರಿಗೆ ಹೋಗಿದೆ. ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೊದಲು ಸ್ವಲ್ಪ ಇತಿಹಾಸ. ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ತರುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು 1984-85ರಲ್ಲಿ. ಕ್ಲಾಸ್ ಎಂಬ ಹೆಸರಿನ ಆ ಯೋಜನೆಯಲ್ಲಿ ಕೇಂದ್ರ ಸರ್ಕಾರವು ಮೊದಲಿಗೆ 250 ಶಾಲೆಗಳನ್ನು ಆರಿಸಿ ಬಿಬಿಸಿ ಮೈಕ್ರೋ ಎಂಬ ಯಂತ್ರಗಳನ್ನು ಕೊಟ್ಟಿತು. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಯಾರಿಸಿದ ಈ ಯಂತ್ರವನ್ನು ಮುಂದೆ ಮೊಹಾಲಿಯಲ್ಲಿಯೂ ಯೂನಿಕಾರ್ನ್ ಎಂಬ ಹೆಸರಿನಿಂದ ತಯಾರಿಸಲಾಯಿತು. ಮನೆಬಳಕೆಗೆಂದು 1982ರಲ್ಲಿ ಬಂದ ಮತ್ತೊಂದು ಯಂತ್ರ ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಮ್. ಅದನ್ನು 1980ರ ದಶಕದ ಕೊನೆಯಲ್ಲಿ ಪುಣೆಯ ಡೆಸಿಬೆಲ್ಸ್ ಕಂಪನಿ ನಮ್ಮ ದೇಶದಲ್ಲಿ ಮಾರುತ್ತಿತ್ತು. ಇವುಗಳಿಗೆ ಇಂದಿನಂತೆ ಪರದೆಯಿಲ್ಲ, ಹಾರ್ಡ್ ಡಿಸ್ಕ್ ಇಲ್ಲ. ಕೀಲಿಮಣೆಯೇ ಕಂಪ್ಯೂಟರ್, ಮನೆಯ ಟಿ.ವಿ.ಯೇ ಪರದೆ, ಹಾಡು ಕೇಳುವ ಟೇಪ್ ರೆಕಾರ್ಡರೇ ಉಗ್ರಾಣ. ಸ್ಪೆಕ್ಟ್ರಮ್ಮಿನ ನೆನಪಿನ ಶಕ್ತಿ 48 ಕೆಬಿ. ನಿಮ್ಮ ಮೊಬೈಲಿನಲ್ಲಿ ತೆಗೆದ 3 ಎಂಬಿಯ ಒಂದು ಫೋಟೊ ಹಿಡಿಸಬೇಕಾದರೆ ಅಂಥ 64 ಯಂತ್ರಗಳು ಬೇಕು!

ಅಂಥ ಒಂದು ಯಂತ್ರ ನಮ್ಮ ಬಳಗದಲ್ಲಿಯೂ ಇತ್ತು. ಪುಣೆಯಲ್ಲಿ ಕೆಲಸಕ್ಕಿದ್ದ ನನ್ನ ಚಾಚಾ ಅದನ್ನು ಇಳಕಲ್ಲಿಗೆ ತಂದಿದ್ದರು. ನೇಕಾರಿಕೆ ನಡೆಯುವ ಓಣಿಯಲ್ಲಿ ಮನೆ. ಎಷ್ಟು ಸೀರೆಗೆ ಎಷ್ಟು ನೂಲು ಬೇಕು, ಕೂಲಿ ಎಷ್ಟಾಗುತ್ತದೆ ಎಂಬ ಲೆಕ್ಕದ ಪ್ರೋಗ್ರಾಂ ಒಂದನ್ನು ತಾವೇ ಬೇಸಿಕ್ ಭಾಷೆಯಲ್ಲಿ ಬರೆದು ಕ್ಯಾಸೆಟ್ಟಿನಲ್ಲಿ ಇಟ್ಟುಕೊಂಡಿದ್ದರು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಚಾಚಿ ಮಾತ್ರ ಆ ಕ್ಯಾಸೆಟ್ಟನ್ನು ಸೀರೆಯ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದರು. “ಇದರಾಗ ಅವರು ಏನ ಬರದಾರೋ ನೋಡಪಾ” ಎಂದು ಒಂದು ದಿನ ನನ್ನ ಕೈಗೆ ಕೊಟ್ಟರು.

ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಂ ಹೇಗೆ ಇರುತ್ತದೆ? ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು. ಸೊನ್ನೆಗೆ ಒಂದು ಬಗೆಯ ಸದ್ದು, ಒಂದಕ್ಕೆ ಇನ್ನೊಂದು ಬಗೆಯ ಸದ್ದು. ಬಿಬಿಸಿ ಮೈಕ್ರೋ ಯಂತ್ರದಲ್ಲಿ ಒಂದು ಸದ್ದು ಸೆಕೆಂಡಿಗೆ 1200 ಕಂಪನಗಳದು, ಮತ್ತೊಂದು 2400 ಕಂಪನಗಳದು. ನಮ್ಮ ಕಿವಿಗೆ ಅದು ಬರೀ ಕಿರುಚಾಟ. ಆದ್ದರಿಂದ ಇಂಥ ಕ್ಯಾಸೆಟ್ಟನ್ನು ಲ್ಯಾಪ್‌ಟಾಪಿಗೆ ಜೋಡಿಸಲು ವಿಶೇಷ ಉಪಕರಣವೇನೂ ಬೇಡ. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಒಂದು ಆಡಿಯೋ ಕೇಬಲ್ ಸಾಕು. ಆದರೆ ಇಂದಿನ ಲ್ಯಾಪ್‌ಟಾಪುಗಳಲ್ಲಿ ಮೈಕಿಗೂ ಹೆಡ್‌ಫೋನಿಗೂ ಸೇರಿ ಒಂದೇ ತೂತು ಇರುತ್ತದೆ. ನೇರವಾಗಿ ಚುಚ್ಚಿದರೆ ಏನೂ ರೆಕಾರ್ಡ್ ಆಗುವುದಿಲ್ಲ. ಎರಡನ್ನೂ ಬೇರ್ಪಡಿಸುವ ಕವಲು ಅಡಾಪ್ಟರ್ ಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ನಡುವೆ ಹಾಕಬೇಕು.

ನಾನು ಮೊದಲ ಸಲ ಮಾಡಿದಾಗ ಸೋತೆ. ಕಾರಣ ತಿಳಿದಾಗ ನಗು ಬಂತು. ಲ್ಯಾಪ್‌ಟಾಪು ಆ ಕಿರುಚಾಟವನ್ನು ಗದ್ದಲವೆಂದು ಭಾವಿಸಿ ತಾನೇ ಅಳಿಸಿ ಹಾಕುತ್ತಿತ್ತು! ಗದ್ದಲ ಕಡಿಮೆ ಮಾಡುವ ಸೆಟ್ಟಿಂಗನ್ನು ಆರಿಸಿದೆ, ಅಲೆಗಳ ತುದಿ ಕತ್ತರಿಸಿ ಹೋಗದಂತೆ ಮೈಕಿನ ಮಟ್ಟ ತಗ್ಗಿಸಿದೆ, ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಎಂಪಿ3 ರೂಪದಲ್ಲಿ ಇಟ್ಟರೆ ಸದ್ದಿನ ಸೂಕ್ಷ್ಮ ಹೋಗುವುದರಿಂದ ವೇವ್ ಫೈಲಾಗಿ ಉಳಿಸಿದೆ. ಆ ಫೈಲನ್ನು ಎಮ್ಯುಲೇಟರಿಗೆ, ಅಂದರೆ ಲ್ಯಾಪ್‌ಟಾಪಿನೊಳಗೆ ಹಳೆಯ ಯಂತ್ರದಂತೆಯೇ ವರ್ತಿಸುವ ತಂತ್ರಾಂಶಕ್ಕೆ, ಕೊಟ್ಟಾಗ ಮೂರನೆಯ ಸಲಕ್ಕೆ ಚಾಚಾ ಬರೆದ ಲೆಕ್ಕ ಪರದೆಯ ಮೇಲೆ ಬಂತು.

ಆದರೆ ಚಾಚಿಗೆ ಲೆಕ್ಕ ಬೇಕಾಗಿರಲಿಲ್ಲ. ಆ ಕಾಲದಲ್ಲಿ ಕ್ಯಾಸೆಟ್ಟಿನಲ್ಲಿ ಯಾವುದರ ನಂತರ ಯಾವುದಿದೆ ಎಂದು ಗೊತ್ತಾಗಲು ಕೆಲವರು ನಡುವೆ ಬಾಯಿಂದ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಎರಡು ಕಿರುಚಾಟಗಳ ನಡುವೆ ಚಾಚಾ ಅವರ ಧ್ವನಿ ಬಂತು: “ಎರಡನೇದು. ಸೀರಿ ಲೆಕ್ಕ.” ಅಷ್ಟೇ. ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಆ ಕರ್ರ್ ಅನ್ನೂದು ನಿಲ್ಲಸಪಾ, ಮಾತಷ್ಟ ಇನ್ನೊಮ್ಮೆ ಹಚ್ಚು” ಎಂದರು. ಮನೆಯಲ್ಲಿ ಅವರ ಧ್ವನಿ ಬೇರೆಲ್ಲಿಯೂ ಉಳಿದಿರಲಿಲ್ಲ.

ಇಳಕಲ್ಲಿನವರಿಗೆ ಜೋಡಣೆಯ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಟೋಪ ತೆನಿ ಪದ್ಧತಿಯಲ್ಲಿ ಆ ಎರಡು ಹಾಸುಗಳನ್ನು ಕುಣಿಕೆ ಹಾಕಿ ಎಳೆಗೆ ಎಳೆ ಕೂಡಿಸುತ್ತಾರೆ. ಎರಡು ತುದಿಗಳನ್ನು ಒಟ್ಟಿಗೆ ಕಟ್ಟಿ ಗಂಟು ಹಾಕಿದರೆ ಸೀರೆಯಾಗುವುದಿಲ್ಲ, ಯಾವ ಎಳೆಗೆ ಯಾವ ಎಳೆ ಎಂಬುದು ಗೊತ್ತಿರಬೇಕು. ಕಂಪ್ಯೂಟರ್ ಜೋಡಣೆಯೂ ಹಾಗೆಯೇ. ತೂತಿಗೆ ಹೊಂದುವ ಪ್ಲಗ್ಗು ಸಿಕ್ಕರೆ ಕೆಲಸ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಪ್ಲಗ್ಗಿನ ಆಕಾರ ಎಲ್ಲಕ್ಕಿಂತ ಚಿಕ್ಕ ತೊಂದರೆ. ಎರಡು ಯಂತ್ರಗಳು ಮಾತನಾಡಬೇಕಾದರೆ ಮೂರು ವಿಷಯಗಳಲ್ಲಿ ಒಪ್ಪಂದ ಬೇಕು: ವಿದ್ಯುತ್ತಿನ ಮಟ್ಟ, ವೇಗ ಮತ್ತು ಅಕ್ಷರ. ಇನ್ನು ನಾನು ಹೇಳುವ ಎರಡನೆಯ ಘಟನೆಯಲ್ಲಿ ಈ ಮೂರೂ ಬರುತ್ತವೆ.

ಎರಡು ವರ್ಷದ ಹಿಂದೆ ಹುನಗುಂದದ ಕಡೆಯ ಹಳ್ಳಿಯೊಂದರಿಂದ ಒಬ್ಬ ಹೆಣ್ಣುಮಗಳು ಬಾಗಲಕೋಟೆಗೆ ನನ್ನನ್ನು ಹುಡುಕಿಕೊಂಡು ಬಂದಳು. ಎರಡು ದಶಕಗಳ ಹಿಂದೆ ಪ್ರೌಢಶಾಲೆಯಲ್ಲಿ ಓದುವಾಗ ಆಕೆಗೆ ನಾವು ಕೆಲವರು ಕೂಡಿ ನಡೆಸುತ್ತಿದ್ದ ನಿಧಿಯಿಂದ ವಿದ್ಯಾರ್ಥಿವೇತನ ಸಿಕ್ಕಿತ್ತು. ಈಗ ಒಂದು ಕೆಲಸಕ್ಕೆ ಅರ್ಜಿ ಹಾಕಬೇಕು, ವರ್ಗಾವಣೆ ಪ್ರಮಾಣಪತ್ರ ಕಳೆದಿದೆ. ನಕಲು ಕೇಳಲು ಹೋದರೆ ಶಾಲೆಯಲ್ಲಿ “ದಾಖಲಾತಿ ನಂಬರು, ವರ್ಷ ತಗೊಂಡು ಬರ್ರಿ” ಎಂದಿದ್ದರು. “ಸರ, ನಿಮ್ಮ ಪಟ್ಟಿಯೊಳಗ ನನ್ನ ಹೆಸರಿನ ಮುಂದ ಎಲ್ಲಾ ಬರಕೊಂಡಿದ್ರಿ” ಎಂದಳು. ಆಕೆಯ ನೆನಪು ಸರಿ. ಆದರೆ ಕಾಗದದ ಪುಸ್ತಕ ಉಳಿದಿರಲಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಡೆಯಾಗಿ ಜನ ನವನಗರಕ್ಕೆ ಸಾಗುತ್ತಿದ್ದ ಕಾಲದಲ್ಲಿ ನಮ್ಮ ಕೋಣೆಯೂ ಎರಡು ಸಲ ಬದಲಾಯಿತು. ಮಳೆಯಲ್ಲಿ ನೆನೆದ ಪುಸ್ತಕಗಳು ಗೆದ್ದಲಿಗೆ ಹೋದವು. ಮುಳುಗಡೆ ಕಂಡ ಮನೆಗಳವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಉಳಿದದ್ದು ಅಟ್ಟದ ಮೇಲಿನ ಒಂದು ವಿಂಡೋಸ್ 98 ಕಂಪ್ಯೂಟರ್ ಮಾತ್ರ. ಬಾದಾಮಿಯ ಒಬ್ಬ ಡಿಪ್ಲೊಮಾ ವಿದ್ಯಾರ್ಥಿಯನ್ನು ಜೊತೆಗೆ ಕರೆದುಕೊಂಡೆ. ಆ ಹುಡುಗ ಬಂದವನೇ ಸ್ವಿಚ್ಚು ಹಾಕಲು ಬಿಡಲಿಲ್ಲ. ಮೊದಲು ಡಬ್ಬಿ ಬಿಚ್ಚಿ ಧೂಳು ತೆಗೆದ. ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿದೆಯೇ, ಸಣ್ಣ ಬ್ಯಾಟರಿ ಸೋರಿದೆಯೇ ಎಂದು ನೋಡಿದ. ಆಮೇಲೆ ಸ್ಟೆಬಿಲೈಸರ್ ಮೂಲಕ ಕರೆಂಟು ಕೊಟ್ಟ. ವಿದ್ಯಾರ್ಥಿಗಳೆ, ಇದನ್ನು ನೆನಪಿಡಿರಿ. ಹಳೆಯ ಯಂತ್ರಗಳು ಹೆಚ್ಚಾಗಿ ಸಾಯುವುದು ಅಟ್ಟದ ಮೇಲಲ್ಲ, ಅವಸರದಿಂದ ಸ್ವಿಚ್ಚು ಹಾಕಿದ ಕ್ಷಣದಲ್ಲಿ. ಹಳೆಯ ದಪ್ಪ ಮಾನಿಟರಿನ ಒಳಗಂತೂ ಕೈ ಹಾಕಲೇಬಾರದು. ಕರೆಂಟು ತೆಗೆದ ಮೇಲೂ ಅದರಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಹಾರ್ಡ್ ಡಿಸ್ಕ್ ಮೂರನೆಯ ಪ್ರಯತ್ನಕ್ಕೆ ತಿರುಗಿತು. ಪೆನ್ ಡ್ರೈವ್ ಚುಚ್ಚಿದರೆ ವಿಂಡೋಸ್ 98 ಡ್ರೈವರ್ ಕೇಳಿತು, ಫ್ಲಾಪಿ ಡ್ರೈವ್ ಕೆಟ್ಟಿತ್ತು. ಡಿಸ್ಕನ್ನೇ ಬಿಚ್ಚಿ ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಹಾಕಬಹುದಿತ್ತು. ಸಾಮಾನ್ಯವಾಗಿ ಅದೇ ಒಳ್ಳೆಯ ದಾರಿ. ಆದರೆ ಒಮ್ಮೆ ನಿಂತರೆ ಈ ಡಿಸ್ಕು ಮತ್ತೆ ತಿರುಗುತ್ತದೆಂಬ ಭರವಸೆ ಇರಲಿಲ್ಲ. “ನಡೀಲಿಕ್ಕ ಹತ್ತೇತಿ, ಆರಿಸೂದು ಬ್ಯಾಡ್ರಿ ಸರ” ಎಂದ ಹುಡುಗ. ಹಿಂಬದಿಯಲ್ಲಿ 9 ಸೂಜಿಗಳ ಸೀರಿಯಲ್ ಪೋರ್ಟ್ ಇತ್ತು. ಅದರ ಮೂಲಕವೇ ಹೋಗಲು ನಿರ್ಧರಿಸಿದೆವು.

ಆರ್‌ಎಸ್-232 ಎಂಬ ಈ ಸೀರಿಯಲ್ ಪದ್ಧತಿ 1960ರ ದಶಕದ್ದು. ಅಕ್ಷರಗಳು ಒಂದೇ ತಂತಿಯಲ್ಲಿ ಬಿಟ್ಟುಗಳಾಗಿ ಒಂದರ ಹಿಂದೊಂದು ಹೋಗುತ್ತವೆ. ಸೊನ್ನೆಗೆ 3ರಿಂದ 15 ವೋಲ್ಟ್ ಧನ, ಒಂದಕ್ಕೆ ಅಷ್ಟೇ ವೋಲ್ಟ್ ಋಣ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಈ ಪೋರ್ಟ್ ಇಲ್ಲ. ಅದಕ್ಕಾಗಿ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಕೇಬಲ್ ಸಿಗುತ್ತದೆ. ಅದರ ಪ್ಲಗ್ಗಿನೊಳಗೆ ಒಂದು ಚಿಪ್ಪು ಇದ್ದು, ಅದು ಒಂದು ಭಾಷೆಯನ್ನು ಇನ್ನೊಂದಕ್ಕೆ ಬದಲಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಹೆಚ್ಚುಕಡಿಮೆ ಇದೇ ಹೆಸರಿನಲ್ಲಿ 3.3 ಅಥವಾ 5 ವೋಲ್ಟಿನ ಸಣ್ಣ ಬೋರ್ಡುಗಳೂ ಮಾರಾಟಕ್ಕಿವೆ. ಅವು ಬೇರೆ ಪ್ರಯೋಗಗಳಿಗೆ ತಯಾರಾದವು. ಅವನ್ನು ಹಳೆಯ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಹಾಕಿದರೆ ಸುಟ್ಟುಹೋಗಬಹುದು. ಇದು ಮೊದಲನೆಯ ಒಪ್ಪಂದ, ವಿದ್ಯುತ್ತಿನ ಮಟ್ಟ.

ಸರಿಯಾದ ಅಡಾಪ್ಟರ್ ತಂದೆವು, ಜೋಡಿಸಿದೆವು. ಏನೂ ಬರಲಿಲ್ಲ! ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ಸರ, ಎರಡೂ ಕಡೆ ಬಾಯಿಗೆ ಬಾಯಿ ಕೂಡಿಸೇವಿ, ಕಿವಿಗೆ ಕಿವಿ” ಎಂದ. ಎರಡೂ ಯಂತ್ರಗಳಲ್ಲಿ 3ನೇ ಸೂಜಿ ಕಳಿಸುವುದು, 2ನೇ ಸೂಜಿ ಕೇಳುವುದು, 5ನೆಯದು ಭೂಮಿ. ನೇರ ಕೇಬಲ್ ಹಾಕಿದರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತನಾಡುತ್ತಾರೆ, ಕೇಳುವವರು ಯಾರೂ ಇಲ್ಲ. ಆತ 2 ಮತ್ತು 3ನ್ನು ಅಡ್ಡ ಬದಲಿಸಿ ಬೆಸುಗೆ ಹಾಕಿದ. ಇದಕ್ಕೆ ನಲ್ ಮೋಡೆಮ್ ಕೇಬಲ್ ಎಂದು ಹೆಸರು.

ಈಗ ಪರದೆಯ ಮೇಲೆ ಏನೋ ಬಂತು, ಆದರೆ ಅರ್ಥವಿಲ್ಲದ ಚಿಹ್ನೆಗಳು. ಒಂದು ಕಡೆ ಒಂದು ವೇಗ, ಇನ್ನೊಂದು ಕಡೆ ಇನ್ನೊಂದು ಇಟ್ಟಿದ್ದೆವು. ಇದು ಎರಡನೆಯ ಒಪ್ಪಂದ. ಎರಡನ್ನೂ 9600ಕ್ಕೆ ಇಟ್ಟಾಗ ಅಕ್ಷರಗಳು ಸ್ಪಷ್ಟವಾದವು. ಒಂದು ಅಕ್ಷರಕ್ಕೆ ಆರಂಭದ ಮತ್ತು ಕೊನೆಯ ಗುರುತು ಸೇರಿ 10 ಬಿಟ್ಟು ಬೇಕು. ಅಂದರೆ ಸೆಕೆಂಡಿಗೆ 960 ಅಕ್ಷರ. ನಮ್ಮ ಫೈಲುಗಳೆಲ್ಲ ಸೇರಿ 6 ಎಂಬಿಯಷ್ಟು ಇದ್ದವು, ಈ ವೇಗದಲ್ಲಿ 1 ಗಂಟೆ 49 ನಿಮಿಷ ಬೇಕಾಗುತ್ತಿತ್ತು. 115200ಕ್ಕೆ ಏರಿಸಿದಾಗ ಲೆಕ್ಕದ ಪ್ರಕಾರ ಸುಮಾರು 9 ನಿಮಿಷದ ಕೆಲಸವಾಯಿತು. ಆ ಕಡೆ ವಿಂಡೋಸ್ 98ರ ಹೈಪರ್ ಟರ್ಮಿನಲ್, ಈ ಕಡೆ ಲ್ಯಾಪ್‌ಟಾಪಿನಲ್ಲಿ ಉಚಿತವಾಗಿ ಸಿಗುವ ಟೆರಾ ಟರ್ಮ್. ಝಡ್‌ಮೋಡೆಮ್ ವಿಧಾನದಲ್ಲಿ ಕಳಿಸಿದ್ದರಿಂದ, ದಾರಿಯಲ್ಲಿ ತಪ್ಪಾದ ತುಣುಕನ್ನು ಯಂತ್ರಗಳೇ ಗುರುತಿಸಿ ಮತ್ತೆ ಕಳಿಸಿಕೊಂಡವು.

ಫೈಲು ಬಂತು, ತೆರೆದೆವು. ಕನ್ನಡ ಇರಲಿಲ್ಲ! ಪಟ್ಟಿಯನ್ನು ಆಗ ನುಡಿ ತಂತ್ರಾಂಶದಲ್ಲಿ ಟೈಪು ಮಾಡಲಾಗಿತ್ತು. ಅಂದಿನ ನುಡಿಯಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ಉಳಿಯುತ್ತಿದ್ದದ್ದು ರೋಮನ್ ಲಿಪಿಯ ಸಂಕೇತಗಳು. ಆ ಫಾಂಟು ಇಲ್ಲದ ಲ್ಯಾಪ್‌ಟಾಪಿನಲ್ಲಿ ‘ಕನ್ನಡ’ ಎಂಬ ಪದ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟುಳ್ಳ ಎ, ಪೌಂಡಿನ ಗುರುತು ಎಂದು ಮುಂತಾಗಿ ಕಾಣುತ್ತದೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. ಇದು ಮೂರನೆಯ ಒಪ್ಪಂದ, ಅಕ್ಷರ. ನುಡಿಯ ಹೊಸ ಆವೃತ್ತಿಗಳಲ್ಲಿ ಹಳೆಯದನ್ನು ಯುನಿಕೋಡಿಗೆ ಬದಲಿಸುವ ಸೌಲಭ್ಯವಿದೆ. ಬದಲಿಸಿದೆವು. ಆದರೆ ಪಟ್ಟಿಯ ನಡುವೆ ಇಂಗ್ಲಿಷಿನಲ್ಲಿ ಬರೆದದ್ದೆಲ್ಲ ಕನ್ನಡದ ಕಲಸುಮೇಲೋಗರವಾಯಿತು. ಆದ್ದರಿಂದ ಮೂಲ ಫೈಲನ್ನು ಮುಟ್ಟದೆ ಹಾಗೆಯೇ ಇಟ್ಟು, ನಕಲಿನಲ್ಲಿ ಹೆಸರು ಹೆಸರನ್ನೂ ಕಣ್ಣಿಟ್ಟು ನೋಡಿದೆವು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಇಂದು ಎಷ್ಟು ಕಚೇರಿ ಅಲೆಯಬೇಕಾಗುತ್ತದೆ ಎಂಬುದು ತಮಗೆ ಗೊತ್ತು.

ಬಾದಾಮಿಯವರು ಕಪ್ಪೆ ಅರಭಟ್ಟನ ಶಾಸನವನ್ನು ಬಲ್ಲಿರಿ. ಕ್ರಿ.ಶ. 700ರ ಸುಮಾರಿನ ಆ ಅಕ್ಷರಗಳು ಬಂಡೆಯ ಮೇಲೆ ಇಂದಿಗೂ ಇವೆ. ಅದಕ್ಕೆ ಕರೆಂಟು ಬೇಡ, ಕೇಬಲ್ ಬೇಡ. ಆದರೂ ಆ ಹಳೆಯ ಲಿಪಿಯನ್ನು ಕಲಿತವರು ಓದಿ ಹೇಳಿದ್ದರಿಂದಲೇ ಅದರಲ್ಲಿ ಏನಿದೆ ಎಂದು ನಮಗೆ ತಿಳಿಯಿತು. ನಮ್ಮ ಫ್ಲಾಪಿ, ಕ್ಯಾಸೆಟ್ಟು, ಡಿಸ್ಕುಗಳಿಗೆ ಬಂಡೆಯ ಆಯುಷ್ಯವಿಲ್ಲ. ಓದಬಲ್ಲವರೂ ಕಡಿಮೆಯಾದರೆ ಇಪ್ಪತ್ತು ವರ್ಷದ ಹಿಂದಿನ ನಮ್ಮದೇ ಬರಹ ಸಾವಿರದ ಮುನ್ನೂರು ವರ್ಷದ ಹಿಂದಿನ ಬರಹಕ್ಕಿಂತ ದೂರವಾಗುತ್ತದೆ.

ಆಕೆಯ ಹೆಸರು ಪಟ್ಟಿಯಲ್ಲಿ ಸಿಕ್ಕಿತು. ಮುಂದೆ ಶಾಲೆ, ವರ್ಷ, ದಾಖಲಾತಿ ನಂಬರು ಎಲ್ಲವೂ ಇದ್ದವು. ನಮ್ಮ ಪಟ್ಟಿಯ ಮುದ್ರಣ ಪ್ರಮಾಣಪತ್ರವಲ್ಲ, ಅದು ನಿಜ. ಆದರೆ ಆ ನಂಬರು ಹಿಡಿದು ಶಾಲೆಗೆ ಹೋದಾಗ ಅವರ ಮೂಲ ರಿಜಿಸ್ಟರಿನಲ್ಲಿ ಪುಟ ಸಿಕ್ಕಿತು, ನಕಲು ಪ್ರಮಾಣಪತ್ರ ಸಿಕ್ಕಿತು. ಅರ್ಜಿಯ ಕೊನೆಯ ದಿನಕ್ಕೆ ಎರಡು ದಿನ ಬಾಕಿಯಿತ್ತು.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಅದೇ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರ್ ಇತ್ತು. ಅದಕ್ಕೂ ಮೊದಲಿನ ವರ್ಷಗಳ ಪಟ್ಟಿಗಳು ಅದರಲ್ಲಿದ್ದವು. “ಚಾಲೂ ಆಗೂದಿಲ್ಲ” ಎಂಬ ಒಂದೇ ಕಾರಣಕ್ಕೆ ನಾನೇ ಅದನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟೆ. ಕೆಟ್ಟದ್ದು ಬಹುಶಃ ಪವರ್ ಸಪ್ಲೈ ಮಾತ್ರ. ಡಿಸ್ಕು ಒಳಗೆ ಚೆನ್ನಾಗಿಯೇ ಇದ್ದಿರಬಹುದು. ಡಿಸ್ಕು ತೆಗೆಯಬೇಕೆಂದು ನನಗೆ ಅಂದು ಹೊಳೆಯಲಿಲ್ಲ. ಮಕ್ಕಳ ಹೆಸರು, ವಿಳಾಸ, ಮನೆಯ ಆದಾಯ ಬರೆದ ಡಿಸ್ಕು ಯಾರ ಕೈ ಸೇರಿತೋ! ಅಟ್ಟದ ಡಬ್ಬಿಯಲ್ಲಿ 11 ಫ್ಲಾಪಿಗಳೂ ಸಿಕ್ಕವು. ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿ ಓದಿಸಿದಾಗ 8 ಓದಿದವು, 3 ಬೂಸಲು ಹಿಡಿದು ಹೋಗಿದ್ದವು. ಸೋನಿ ಕಂಪನಿ 2011ರಲ್ಲಿಯೇ ಫ್ಲಾಪಿ ಮಾರಾಟ ನಿಲ್ಲಿಸಿತು. ನಾನು ಅಂದೇ ಎಚ್ಚೆತ್ತಿದ್ದರೆ ಆ 3 ಕೂಡ ಉಳಿಯುತ್ತಿದ್ದವೇನೋ. ಆ ವರ್ಷಗಳ ಮಕ್ಕಳಲ್ಲಿ ಯಾರಾದರೂ ಬಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ವಿದ್ಯಾರ್ಥಿಗಳೆ, ನೀವು ಈ ಕೆಲಸಕ್ಕೆ ಕೈ ಹಾಕುವಾಗ ಕೆಲವು ಮಾತುಗಳನ್ನು ನೆನಪಿಡಿರಿ. ಹಳೆಯ ಡಿಸ್ಕು ಜೋಡಿಸಿದಾಗ ಲ್ಯಾಪ್‌ಟಾಪು “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳಬಹುದು. ಎಂದಿಗೂ ಹೌದು ಎನ್ನಬೇಡಿ. ಹಳೆಯ ಕಂಪ್ಯೂಟರಿನ ಚಿತ್ರವನ್ನು ಲ್ಯಾಪ್‌ಟಾಪಿನ ಪರದೆಯಲ್ಲಿ ನೋಡಲು ಬರೀ ವಿಜಿಎ ಅಥವಾ ಎಚ್‌ಡಿಎಂಐ ಕೇಬಲ್ ಕೊಳ್ಳಬೇಡಿ. ಸಾಮಾನ್ಯ ಲ್ಯಾಪ್‌ಟಾಪಿನ ಆ ತೂತುಗಳು ಚಿತ್ರವನ್ನು ಹೊರಗೆ ಕಳಿಸುತ್ತವೆಯೇ ಹೊರತು ಒಳಗೆ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ವಿಡಿಯೋ ಕ್ಯಾಪ್ಚರ್ ಸಾಧನ ಬೇಕು. ಹೊರತೆಗೆದದ್ದನ್ನು ಎರಡು ಪ್ರತಿ ಮಾಡಿ ಎರಡು ಬೇರೆ ಊರುಗಳಲ್ಲಿ ಇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಜೋಡಣೆ ಕೆಲಸ ಮಾಡದಿದ್ದರೆ ಯಂತ್ರ ಸತ್ತಿದೆ ಎನ್ನಬೇಡಿ. ಮಟ್ಟ, ವೇಗ, ಅಕ್ಷರ ಇವುಗಳಲ್ಲಿ ಯಾವುದು ಒಪ್ಪಿಲ್ಲ ಎಂದು ಒಂದೊಂದಾಗಿ ಕೇಳಿಕೊಳ್ಳಿರಿ. ಬಾದಾಮಿಯ ಆ ಹುಡುಗ ಮಾಡಿದ್ದು ಇಷ್ಟೇ.

ಸದಸ್ಯರಲ್ಲಿಯೂ ನನ್ನದೊಂದು ವಿನಂತಿ. ಒಂದು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್, ಒಂದು ಅಡ್ಡ ಕೇಬಲ್, ಐಡಿಇ ಮತ್ತು ಸಾಟಾ ಡಿಸ್ಕುಗಳ ಅಡಾಪ್ಟರ್, ಒಂದು ಫ್ಲಾಪಿ ಡ್ರೈವ್, ಒಂದು ಆಡಿಯೋ ಕವಲು, ಇಷ್ಟನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಸಂಸ್ಥೆಯ ಆಸ್ತಿಯಾಗಿ ಉಳಿಸೋಣ. ವರ್ಷಕ್ಕೆ ಒಂದು ದಿನ ನಾಲ್ಕೂ ಊರುಗಳವರು ತಮ್ಮ ಅಟ್ಟದ ಮೇಲಿನದನ್ನು ತಂದು ತೋರಿಸಲಿ, ವಿದ್ಯಾರ್ಥಿಗಳು ಅದನ್ನು ಬಿಚ್ಚಿ ನೋಡಿ ಕಲಿಯಲಿ. ಅದಕ್ಕೂ ಮೊದಲು ಇಂದು ಮನೆಗೆ ಹೋದ ಮೇಲೆ ಒಂದು ಸಲ ಅಟ್ಟ ಹತ್ತಿರಿ. ಗುಜರಿಯವನು ಓಣಿಗೆ ಬರುವ ಮುಂಚೆ ಹತ್ತಿರಿ.